ಪೊರ್ಬುಗಳ ರೋಮನ್ ದಂಡು

ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುವ ಮನುಷ್ಯರು ಊರಿಗೊಬ್ಬರಾದರೂ ಇರುತ್ತಾರೆ. ನಮ್ಮ ಪೊರ್ಬುಗಳು ಮಾತ್ರ ಬಾರಿಸುವ ಮೊದಲು ಕೈಗೆ ಸಿಕ್ಕಿದ ಆಯುಧ ಯಾವ ಶತಮಾನದ್ದೆಂದು ನೋಡುತ್ತಿದ್ದರು. ತಪ್ಪು ಶತಮಾನದ್ದಾಗಿದ್ದರೆ ಅದನ್ನು ಬದಿಗಿಟ್ಟು ಬರಿಗೈಯಲ್ಲೇ ಹೊಡೆಯುತ್ತಿದ್ದರು.

ಕಳೆದ ವಾರ ಅವರು ತೀರಿಕೊಂಡ ಸುದ್ದಿ ಫೋನಿಗೆ ಬಂತು. ಜೊತೆಗೆ ಒಂದು ಫೋಟೊ. ಕರಿ ಕೋಟು ತೊಡಿಸಿ, ಕೈಗೆ ಜಪಮಾಲೆ ಸುತ್ತಿ ಮಲಗಿಸಿದ್ದರು. ಕೋಟಿನ ಒಂದು ಗುಂಡಿ ತಪ್ಪು ತೂತಿಗೆ ಹೋಗಿತ್ತು. ಅದು ಅವರ ಕಣ್ಣಿಗೆ ಬಿದ್ದಿದ್ದರೆ ಪೆಟ್ಟಿಗೆಯಿಂದ ಎದ್ದು ಗುಂಡಿ ಹಾಕಿದವನ ಕೆನ್ನೆಗೆ ಎರಡು ಬಿಟ್ಟು ಮತ್ತೆ ಮಲಗುತ್ತಿದ್ದರು. ಆ ಫೋಟೊ ನೋಡಿ ನನಗೆ ನಗು ಬಂತು, ಆಮೇಲೆ ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತೆ.

ನಮ್ಮ ದಕ್ಷಿಣ ಕನ್ನಡದಲ್ಲಿ ಕ್ಯಾಥೊಲಿಕ್ ಹಿರಿಯರನ್ನು ಪೊರ್ಬುಗಳೇ ಎಂದು ಕರೆಯುವುದು ರೂಢಿ. ನಾನು ಅವರನ್ನು ಹಾಗೆ ಕರೆದೆ, ಕರಾವಳಿಯ ಮುಸ್ಲಿಮನಾದ ನನ್ನನ್ನು ಅವರು ಬ್ಯಾರಿ ಎಂದರು. ಒಟ್ಟಿಗೆ ಕೆಲಸ ಮಾಡಿದಷ್ಟು ಕಾಲ ಇಬ್ಬರಿಗೂ ಇನ್ನೊಂದು ಹೆಸರು ಬೇಕಾಗಲಿಲ್ಲ. ನಾನು ದುಬೈಯಲ್ಲಿ ಟಿವಿಗೆ ಸಾಕ್ಷ್ಯಚಿತ್ರ ಮಾಡುವ ಒಂದು ಕಂಪನಿಯಲ್ಲಿ ಎಡಿಟರ್. ಅವರು ಅದೇ ಕಂಪನಿಯ ವೇಷಭೂಷಣ ಮತ್ತು ಆಯುಧಗಳ ಮುಖ್ಯಸ್ಥರು. ಅದಕ್ಕೂ ಮೊದಲು ಅಬುಧಾಬಿಯ ಹೋಟೆಲೊಂದರಲ್ಲಿ ಯೂನಿಫಾರ್ಮ್ ವಿಭಾಗ ನೋಡಿಕೊಳ್ಳುತ್ತಿದ್ದರಂತೆ. ಅಲ್ಲಿ ಒಬ್ಬ ವೇಟರ್ ಬೋ ಟೈ ಓರೆಯಾಗಿ ಕಟ್ಟಿಕೊಂಡು ಬಂದಾಗ ಅದೇ ಟೈಯಿಂದ ಅವನ ಕತ್ತು ಬಿಗಿದು ಕೆಲಸ ಕಳೆದುಕೊಂಡರು ಎಂಬ ಕತೆ ಇತ್ತು. ಕೇಳಿದರೆ, "ಬಿಗಿದದ್ದು ಹೌದು, ಸಾಯುವಷ್ಟು ಅಲ್ಲ" ಎನ್ನುತ್ತಿದ್ದರು.

ಅವರನ್ನು ಮೊದಲು ಕಂಡದ್ದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ. ಅಲ್ಲಿ ಕಂಪನಿ ಒಂದು ಹಳೆಯ ವಿಲ್ಲಾವನ್ನು ಗೋದಾಮು ಮಾಡಿಕೊಂಡಿತ್ತು. ಉತ್ತರ ಭಾರತದ ಒಂದು ಕಾರ್ಖಾನೆಯಿಂದ ರೋಮನ್ ಸೈನಿಕರ ಶಿರಸ್ತ್ರಾಣಗಳು ಬಂದಿವೆ, ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದರು. ನಾನು ಗೇಟು ದಾಟುವಾಗ ಅಂಗಳದ ಕಟ್ಟೆಯ ಮೇಲೆ ಒಂದು ಶಿರಸ್ತ್ರಾಣ ಇತ್ತು. ಅದರೊಳಗೆ ಕಲ್ಲಂಗಡಿ ಹಣ್ಣು ತುರುಕಿದ್ದರು. ಬನಿಯನ್ ತೊಟ್ಟ ಒಬ್ಬ ಗಿಡ್ಡ ದಪ್ಪ ಮನುಷ್ಯ ಎರಡು ಕೈಯಲ್ಲೂ ಕತ್ತಿ ಹಿಡಿದು ಅದರ ಮೇಲೆ ಬೀಸಿದ. ತಗಡು ಸೀಳಿ ಹಣ್ಣು ಒಡೆದು ಕೆಂಪು ರಸ ನನ್ನ ಬಿಳಿ ಅಂಗಿಯ ತುಂಬ ಹಾರಿತು.

"ನೋಡು ಮಾರಾಯ," ಎಂದರು, ನಾನು ಯಾರೆಂದು ಕೇಳದೆಯೇ. "ಇದು ಮಂಡೆ ಕಾಯುವ ಟೊಪ್ಪಿಯಾ, ಗಂಜಿ ಬೇಯಿಸುವ ಪಾತ್ರೆಯಾ?"

ಕಾರ್ಖಾನೆಯ ಏಜೆಂಟನೂ ಅಲ್ಲೇ ನಿಂತಿದ್ದ. ಟಿವಿಯಲ್ಲಿ ಇದೆಲ್ಲ ಗೊತ್ತಾಗುವುದಿಲ್ಲ ಸರ್ ಎಂದು ಹಿಂದಿಯಲ್ಲಿ ಹೇಳಿದ್ದೇ ತಡ, ಪೊರ್ಬುಗಳು ಅವನ ಕುತ್ತಿಗೆಪಟ್ಟಿ ಹಿಡಿದು ಇನ್ನೊಂದು ಶಿರಸ್ತ್ರಾಣವನ್ನು ಅವನ ತಲೆಗೆ ಒತ್ತಿ ಕೂರಿಸಿದರು. "ನಿನ್ನ ಮಂಡೆಯಲ್ಲಿ ಗೊತ್ತಾಗ್ತದಾ ನೋಡುವ" ಎಂದು ಕತ್ತಿ ಎತ್ತಿದರು. ನಾನೂ ಡ್ರೈವರೂ ಸೇರಿ ಅವರ ಕೈ ಹಿಡಿಯುವಷ್ಟರಲ್ಲಿ ಏಜೆಂಟ್ ಶಿರಸ್ತ್ರಾಣ ಸಮೇತ ಗೇಟಿನಾಚೆ ಓಡಿದ್ದ. ಮುಂದಿನ ತಿಂಗಳು ಬಂದ ಶಿರಸ್ತ್ರಾಣಗಳ ಕಬ್ಬಿಣ ದಪ್ಪಗಿತ್ತು.

ಟಿವಿಯಲ್ಲಿ ಗೊತ್ತಾಗುವುದಿಲ್ಲ ಎಂಬ ಮಾತನ್ನು ಅವರ ಎದುರು ಆಡಿ ಸುರಕ್ಷಿತವಾಗಿ ಮನೆಗೆ ಹೋದವರು ಕಡಿಮೆ. ರೋಮನ್ ಸೈನಿಕರಿಗೆ ಮುಂಗೈಗೆ ಚರ್ಮದ ಪಟ್ಟಿ ಕಟ್ಟುವುದು ಸಿನಿಮಾದವರ ಚಾಳಿ. ಯಾವ ರೋಮನ್ ಸೈನಿಕನೂ ಹಾಗೆ ಕಟ್ಟಿದ್ದಕ್ಕೆ ಆಧಾರವಿಲ್ಲ ಎನ್ನುವುದು ಪೊರ್ಬುಗಳ ವಾದ. ಒಬ್ಬ ನಟ ಅದನ್ನು ಬಿಚ್ಚಲು ಒಪ್ಪಲಿಲ್ಲ, ಕೈ ಚೆನ್ನಾಗಿ ಕಾಣುತ್ತದೆ ಎಂದ. ಪೊರ್ಬುಗಳು ಚಾಕು ತಂದು ಪಟ್ಟಿ ಕೊಯ್ದರು. ಪಟ್ಟಿಯ ಜೊತೆ ಸ್ವಲ್ಪ ಚರ್ಮವೂ ಬಂತು. ಅವರೇ ಬ್ಯಾಂಡೇಜ್ ಕಟ್ಟಿ, ಬ್ಯಾಂಡೇಜಿನ ಮೇಲೆ ಉದ್ದ ತೋಳಿನ ಅಂಗಿ ಹಾಕಿಸಿ, ಕ್ಯಾಮೆರಾ ಮುಂದೆ ನೂಕಿದರು. ಉದ್ದ ತೋಳು ಆ ಕಾಲಕ್ಕೆ ಸರಿಯಲ್ಲ ಎಂದು ಆಮೇಲೆ ನೆನಪಾಗಿ ಆ ರಾತ್ರಿ ಊಟ ಬಿಟ್ಟರಂತೆ.

ಇನ್ನೊಂದು ದಿನ ಅಬುಧಾಬಿ ಹೊರವಲಯದ ಬನಿಯಾಸಿನ ಮಾಂಸದಂಗಡಿಯಿಂದ ಚರ್ಮ ಸುಲಿದ ಇಡೀ ಕುರಿ ತರಿಸಿದರು. ಯುದ್ಧದ ದೃಶ್ಯಕ್ಕೆ ಆರಿಸಿದ ಹುಡುಗರೆಲ್ಲ ದುಬೈಯ ಜಿಮ್‌ಗಳಲ್ಲಿ ತರಬೇತಿ ಕೊಡುವವರು. ಕತ್ತಿಯನ್ನು ತಲೆಯ ಮೇಲೆ ತಿರುಗಿಸಿ ಬೀಸುವುದೇ ಅವರಿಗೆ ಯುದ್ಧ. ಪೊರ್ಬುಗಳು ಕುರಿಯನ್ನು ಕೊಕ್ಕೆಗೆ ನೇತುಹಾಕಿ ಅದಕ್ಕೆ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ತೊಡಿಸಿದರು. ಮೊದಲು ಕತ್ತಿ ಬೀಸಿ ಹೊಡೆದರು. ಅಂಗಿ ಹರಿಯಲಿಲ್ಲ, ಒಳಗೆ ಪಕ್ಕೆಲುಬು ಲಟಕ್ಕೆಂದು ಮುರಿದದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಕತ್ತಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೈಭಾರವನ್ನೆಲ್ಲ ಹಾಕಿ ಚುಚ್ಚಿದರು. ಬಳೆಗಳು ಬಿಚ್ಚಿ ಮೊನೆ ಒಳಗೆ ಹೋಯಿತು. ಹೊರಗೆಳೆಯುವಾಗ ಮಾಂಸ ಕತ್ತಿಯನ್ನು ಹಿಡಿದುಕೊಂಡಿತ್ತು. ಕಾಲನ್ನು ಕುರಿಗೆ ಒತ್ತಿ ಎಳೆಯಬೇಕಾಯಿತು.

"ರೋಮನ್ ಬೀಸುದಿಲ್ಲ, ಚುಚ್ಚುದು," ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೂಗಿದರು. "ನಾಲ್ಕು ಬೆರಳಷ್ಟು ಒಳಗೆ ಹೋದ್ರೆ ಸಾಕು. ಮತ್ತೆ ಪಕ್ಕದವ. ಮತ್ತೆ ಅವನ ಪಕ್ಕದವ. ಇದು ಡಾನ್ಸ್ ಅಲ್ಲ, ಕಸಾಯಿ ಕೆಲಸ!"

ಆಮೇಲೆ ಬೇರೆ ಕಂಪನಿಗಳು ಬಳಸುವ ಅಂಗಿಯನ್ನು ಕುರಿಗೆ ತೊಡಿಸಿದರು. ಉಣ್ಣೆಯ ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಹೊಡೆದದ್ದು ಅದು. ಒಂದೇ ಏಟಿಗೆ ಕುರಿಯ ಮುಂಗಾಲು ಹಾರಿ ಒಬ್ಬ ಹುಡುಗನ ಕಾಲ ಬುಡದಲ್ಲಿ ಬಿತ್ತು. ಅವನು ಅಲ್ಲೇ ವಾಂತಿ ಮಾಡಿದ. ಉಳಿದವರು ನಕ್ಕಾಗ ಪೊರ್ಬುಗಳು ನಕ್ಕವರನ್ನು ಹೊರಗೆ ಕಳಿಸಿ ವಾಂತಿ ಮಾಡಿದವನನ್ನು ಮುಂದಿನ ಸಾಲಿಗೆ ಹಾಕಿಕೊಂಡರು. ಆ ಕುರಿಯನ್ನು ಮಧ್ಯಾಹ್ನ ಅವರೇ ಸುಕ್ಕ ಮಾಡಿ ಬಡಿಸಿದರು. ನಾನು ಅನುಮಾನದಿಂದ ನೋಡಿದ್ದಕ್ಕೆ, "ಹಲಾಲ್ ಬ್ಯಾರಿ, ತಿನ್ನು. ಕೊಂದದ್ದು ಅಂಗಡಿಯವ. ನಾನು ಕೊಂದದ್ದು ಸತ್ತ ಮೇಲೆ" ಎಂದರು.

ಇಷ್ಟೆಲ್ಲ ಯಾಕೆ ಪೊರ್ಬುಗಳೇ, ಎಂದು ಒಮ್ಮೆ ಕೇಳಿದ್ದೆ. ಮರುಭೂಮಿಯ ಮದೀನತ್ ಜಾಯೆದ್ ಕಡೆಗೆ ಚಿತ್ರೀಕರಣದ ಜಾಗ ನೋಡಲು ಹೋಗುತ್ತಿದ್ದೆವು. ಎರಡೂ ಕಡೆ ಮರಳು ಬಿಟ್ಟು ಬೇರೇನೂ ಇರಲಿಲ್ಲ. ಅವರು ಸ್ಟೀರಿಂಗಿನಿಂದ ಒಂದು ಕೈ ತೆಗೆದು ಊರಿನ ಕತೆ ಶುರುಮಾಡಿದರು.

ಅವರ ಊರಿನ ಇಗರ್ಜಿಯಲ್ಲಿ ಶುಭ ಶುಕ್ರವಾರದಂದು ಯೇಸುವಿನ ಯಾತನೆಯನ್ನು ಆಡಿ ತೋರಿಸುವ ಪದ್ಧತಿಯಿತ್ತು. ಹೆಗಲಿಗೆ ಹೊದೆಯುವ ಕೆಂಪು ಬೈರಾಸು ಟವೆಲು, ರಟ್ಟಿನ ಟೊಪ್ಪಿ, ಟೊಪ್ಪಿಯ ಮೇಲೆ ಜುಟ್ಟಿನ ಹಾಗೆ ಸಿಕ್ಕಿಸಿದ ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿ: ಇಷ್ಟಾದರೆ ರೋಮನ್ ಸೈನಿಕ ತಯಾರು. ಪೊರ್ಬುಗಳು ಪ್ರತಿವರ್ಷ ಚಾಟಿ ಬೀಸುವ ಸೈನಿಕ. ಅವರ ಅಣ್ಣ ಯೇಸು. ಒಂದು ವರ್ಷ, ನಾಟಕದ ಹಿಂದಿನ ದಿನ ಇವರು ಕುಡಿದು ಬಂದದ್ದಕ್ಕೆ ಅಣ್ಣ ನಾಲ್ಕು ಜನರೆದುರು ಕೆನ್ನೆಗೆ ಹೊಡೆದಿದ್ದ. ಆ ಸಿಟ್ಟು ಹೊಟ್ಟೆಯೊಳಗೆ ಹಾಗೇ ಇತ್ತು. ಕೈಯಲ್ಲಿದ್ದದ್ದು ತೆಂಗಿನ ನಾರಿನ ಹಗ್ಗ. ಅದನ್ನು ನೀರಲ್ಲಿ ಅದ್ದಿ ಗಂಟು ಹಾಕಿಕೊಂಡೇ ಹೋಗಿದ್ದರು.

"ಮೊದಲಿನ ಪೆಟ್ಟು ನಾಟಕದ್ದು ಬ್ಯಾರಿ. ಎರಡನೇದು ನನ್ನದು. ಮೂರನೇದು, ನಾಲ್ಕನೇದು ಎಲ್ಲ ನನ್ನದೇ."

"ಅಣ್ಣ ಎಂತ ಮಾಡಿದ್ರು?"

"ಎಂತ ಮಾಡ್ತಾನೆ? ಶಿಲುಬೆ ಹೊತ್ಕೊಂಡು ನಡೆದ. ಅಷ್ಟು ಜನ ನೋಡ್ತಿದ್ರಲ್ಲ, ನಾಟಕ ಮುಗೀಬೇಕಲ್ಲ. ಮನೆಗೆ ಬಂದು ಅಂಗಿ ತೆಗೀಲಿಕ್ಕೆ ಹೋದ್ರೆ ಬೆನ್ನಿಗೆ ಅಂಟಿಕೊಂಡಿತ್ತು. ಅಮ್ಮ ಎಣ್ಣೆ ಹಾಕಿ ಹಾಕಿ ಬಿಡಿಸಿದ್ಳು."

ಅವರು ಗಾಡಿಯ ವೇಗ ಹೆಚ್ಚಿಸಿದರು. "ಜನ ಎಂತ ಹೇಳಿದ್ರು ಗೊತ್ತುಂಟಾ? ಈ ವರ್ಷ ಭಾರೀ ಲಾಯ್ಕ ಆಗಿತ್ತು ಅಂತ. ಪಾದ್ರಿಗಳು ಕೈ ಕುಲುಕಿದ್ರು. ಹೆಂಗಸರು ಕಣ್ಣೀರು ಹಾಕಿ ಕೂಗಿದ್ರಂತೆ. ಅಣ್ಣನ ರಕ್ತವನ್ನು ಬಣ್ಣ ಅಂತ ತಿಳಿದು ನನ್ನನ್ನು ಹೊಗಳಿದ್ರು ಮಾರಾಯ. ಆ ಹೊಗಳಿಕೆ ಇನ್ನೂ ಕಿವಿಯಲ್ಲುಂಟು, ಹೋಗುದಿಲ್ಲ."

ಆಮೇಲೆ ಅಣ್ಣ ಯೇಸುವಾಗಲಿಲ್ಲ, ತಮ್ಮ ಸೈನಿಕನಾಗಲಿಲ್ಲ. ಚಾಟಿ ಬೀಸಿದ ಆ ನಿಜವಾದ ಸೈನಿಕ ಯಾರಿರಬಹುದು ಎಂಬ ಹುಳ ಮಾತ್ರ ತಲೆಗೆ ಹೊಕ್ಕಿತು. ಗಲ್ಫಿಗೆ ಬಂದ ಮೇಲೆ ಸಂಬಳದ ಅರ್ಧ ಪುಸ್ತಕಗಳಿಗೆ ಹೋಯಿತು. ಓದಿ ತಿಳಿದದ್ದು ಇಷ್ಟು: ಯೇಸುವನ್ನು ಶಿಲುಬೆಗೇರಿಸಿದ ಊರಿನಲ್ಲಿ ಆಗ ಇದ್ದದ್ದು ರೋಮಿನಿಂದ ಬಂದ ಬಿಳಿ ಸೈನಿಕರಲ್ಲ. ಅಕ್ಕಪಕ್ಕದ ಊರುಗಳಿಂದ ಸಂಬಳಕ್ಕೆ ಸೇರಿಸಿಕೊಂಡ ಕಂದು ಬಣ್ಣದ ಜನ. ಸಿನಿಮಾದಲ್ಲಿ ಕಾಣುವ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ ಹೊಳೆಯುವ ಪಟ್ಟಿ ಕವಚವಲ್ಲ, ಬಳೆ ಹೆಣೆದ ಮಾಸಲು ಅಂಗಿ ತೊಟ್ಟವರು.

"ನಮ್ಮ ಹಾಗೇ," ಎಂದರು. "ಬೇರೆಯವರ ಯೂನಿಫಾರ್ಮ್ ಹಾಕಿ, ಬೇರೆಯವರು ಹೇಳಿದ್ರು ಅಂತ ಹೊಡೆಯುವವರು. ಹೊಡೆದವ ಯಾರು, ಯಾವುದರಲ್ಲಿ ಹೊಡೆದ, ಎಷ್ಟು ನೋವಾಯ್ತು ಅಂತ ಸರಿಯಾಗಿ ತೋರಿಸ್ಬೇಕು. ಇಲ್ಲದಿದ್ರೆ ಜನ ಪೆಟ್ಟು ಅಂದ್ರೆ ನಾಟಕ ಅಂತ ತಿಳ್ಕೊಳ್ತಾರೆ."

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು, ಕಂಪನಿಗೆ ದೊಡ್ಡ ಕೆಲಸ ಸಿಕ್ಕಿತು. ರೋಮನ್ ಸೇನೆಯ ಪೂರ್ವದ ಪಡೆಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ. ಹಲವು ದೇಶಗಳಲ್ಲಿ, ನಮ್ಮ ದೇಶದ ಭಾಷೆಗಳಲ್ಲೂ ಬರಲಿಕ್ಕಿತ್ತು. ಇದುವರೆಗೆ ಇಷ್ಟು ಕರಾರುವಾಕ್ಕಾಗಿ ಯಾರೂ ತೋರಿಸಿಲ್ಲ ಎನ್ನುವುದೇ ಅದರ ಜಾಹೀರಾತು. ಇಂಗ್ಲೆಂಡಿನಿಂದ ನಿರ್ದೇಶಕ ಬಂದ. ಲಂಡನ್ನಿನ ಒಬ್ಬ ವೃದ್ಧ ಪ್ರೊಫೆಸರ್ ಸಲಹೆಗಾರರು. ಪ್ರೊಫೆಸರಿಗೂ ಪೊರ್ಬುಗಳಿಗೂ ಫೋನಿನಲ್ಲಿ ವಾರಕ್ಕೊಂದು ಜಗಳ ಕಡ್ಡಾಯ. ಒಂದು ಮೊಳೆಯ ತಲೆ ದುಂಡಗಿತ್ತೋ ಚಪ್ಪಟೆಯಿತ್ತೋ ಎಂದು ಇಬ್ಬರೂ ಅರ್ಧ ಗಂಟೆ ಕಿರುಚಾಡುತ್ತಿದ್ದರು. ಕೊನೆಗೆ ಪೊರ್ಬುಗಳು ಕೊಂಕಣಿಯಲ್ಲಿ ಬೈದು ಫೋನ್ ಇಡುತ್ತಿದ್ದರು. ಆದರೆ ಸೈನಿಕರೆಲ್ಲ ಬಿಳಿಯರಿರಬೇಕು, ಪಟ್ಟಿ ಕವಚ ಹೊಳೆಯಬೇಕು ಎಂದು ನಿರ್ದೇಶಕ ಹಟ ಹಿಡಿದಾಗ ಅವರಿಬ್ಬರೂ ಒಂದಾದರು. ಪೊರ್ಬುಗಳು ಮೀಟಿಂಗಿನಲ್ಲಿ ಪಟ್ಟಿ ಕವಚವನ್ನು ನೆಲಕ್ಕೆ ಬಡಿದು ಅದರ ಮೇಲೆ ನಿಂತು ಕುಣಿದರು. ನಿರ್ದೇಶಕ ಸೋತ.

ಹಾಗಾಗಿ ಬನಿಯಾಸ್ ಕಡೆಯ ಕ್ಯಾಂಪುಗಳಿಂದ ಕಾರ್ಮಿಕರನ್ನು ಬಸ್ಸಿನಲ್ಲಿ ಕರೆತಂದು ರೋಮನ್ ಸೈನಿಕರನ್ನಾಗಿ ಮಾಡಲಾಯಿತು. ಚಿತ್ರದ ಕೊನೆಯಲ್ಲಿ ಪೊರ್ಬುಗಳ ಹೆಸರು ಒಂಟಿಯಾಗಿ, ಇಡೀ ಪರದೆಯ ಮೇಲೆ ಬರಬೇಕೆಂದು ಪ್ರೊಫೆಸರೇ ಶಿಫಾರಸು ಮಾಡಿದರು. ಪೊರ್ಬುಗಳ ಜೀವನದಲ್ಲಿ ಇದು ಮೊದಲು. ಅಬುಧಾಬಿಯ ಇಗರ್ಜಿಯಲ್ಲಿ ಅವರು ಈ ಸುದ್ದಿ ಹೇಳದೆ ಬಿಟ್ಟ ಒಬ್ಬ ಕೊಂಕಣಿಗನೂ ಉಳಿಯಲಿಲ್ಲ. ಊರಿನಲ್ಲಿ ಅವರ ಹೆಂಡತಿ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿದರು.

ಬಸ್ಸಿನಲ್ಲಿ ಬಂದವರಲ್ಲಿ ಕಲಬುರ್ಗಿ ಕಡೆಯ ಮಲ್ಲಪ್ಪ ಎಂಬ ಸೆಂಟ್ರಿಂಗ್ ಕೆಲಸದವನಿದ್ದ. ಕನ್ನಡದವನೆಂದು ಪೊರ್ಬುಗಳು ಅವನನ್ನು ಮುಂದಿನ ಸಾಲಿಗೆ ಹಾಕಿಕೊಂಡರು. ಬಳೆಯ ಅಂಗಿಯ ಕೆಳಗೆ ದಪ್ಪ ಹತ್ತಿಯ ಅಂಗಿ ತೊಡಿಸಿ, ಬಲ ಸೊಂಟಕ್ಕೆ ಕತ್ತಿ ಕಟ್ಟಿ, ಗಲ್ಲದ ಕೆಳಗೆ ಪಟ್ಟಿ ಬಿಗಿದರು. ಮಲ್ಲಪ್ಪ ಫೋಟೊ ತೆಗೆಸಿಕೊಂಡು ಮನೆಗೆ ಕಳಿಸಿದ. ಸ್ವಲ್ಪ ಹೊತ್ತಿಗೇ ಫೋನ್ ಹಿಡಿದುಕೊಂಡು ಓಡಿಬಂದ.

"ಸಾಹೇಬ್ರ, ನಮ್ಮ ಹುಡುಗ್ರು ನಮ್ಮಪ್ಪ ಸಿಪಾಯಿ ಆಗ್ಯಾನ ಅಂತ ಓಣಿ ತುಂಬ ಹೇಳ್ಯಾವಂತ್ರೀ. ಟಿವ್ಯಾಗ ಯಾವಾಗ ಬರ್ತದಂತ ಕೇಳಾಕತ್ಯಾವ."

"ಬರ್ತದೆ ಬರ್ತದೆ," ಎಂದರು ಪೊರ್ಬುಗಳು. "ಗಲ್ಲ ಮೇಲೆ ಎತ್ತು. ಸಿಪಾಯಿ ಆದ್ರೆ ಹಾಗೆ ಹಲ್ಲು ಬಿಡ್ಲಿಕ್ಕಿಲ್ಲ."

ಚಿತ್ರೀಕರಣ ಮದೀನತ್ ಜಾಯೆದ್‌ನಿಂದಾಚೆಯ ಮರಳಿನಲ್ಲಿ. ಕೈದಿಯೊಬ್ಬನನ್ನು ಕಂಬಕ್ಕೆ ಕಟ್ಟಿ ಚಾಟಿಯಲ್ಲಿ ಹೊಡೆಯುವ ದೃಶ್ಯವಿತ್ತು. ಅದಕ್ಕೆ ಪೊರ್ಬುಗಳು ಎರಡು ಚಾಟಿ ಮಾಡಿದ್ದರು. ಒಂದು ನಿಜವಾದದ್ದು. ಚರ್ಮದ ಬಾರುಗಳು, ತುದಿಗಳಲ್ಲಿ ಸೀಸದ ಗುಂಡು ಮತ್ತು ಮೂಳೆಯ ಚೂರು. ಅದರ ಒಂದೊಂದು ಗಂಟನ್ನೂ ಪ್ರೊಫೆಸರ್ ಜೊತೆ ಜಗಳವಾಡಿಯೇ ಹಾಕಿದ್ದು. ಹತ್ತಿರದಿಂದ ತೋರಿಸಲಿಕ್ಕೆ ಮಾತ್ರ ಅದು. ಇನ್ನೊಂದು ಹೊಡೆಯಲಿಕ್ಕೆ. ಉಣ್ಣೆ ಮತ್ತು ಸ್ಪಂಜಿನಿಂದ ಮಾಡಿ ಬಣ್ಣ ಹಚ್ಚಿದ್ದು. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ನನ್ನ ಕಣ್ಣಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ.

"ಹಿಡಿಗೆ ಒಂದು ಕೆಂಪು ಟೇಪ್ ಸುತ್ತಿಬಿಡಿ ಪೊರ್ಬುಗಳೇ, ಗುರ್ತಕ್ಕೆ," ಎಂದೆ.

"ರೋಮನರ ಹತ್ರ ಕೆಂಪು ಟೇಪ್ ಇತ್ತಾ?" ಎಂದು ನನ್ನ ಮೇಲೆ ಹಾರಿದರು. "ಕ್ಯಾಮೆರಾ ಹಿಡಿಯನ್ನು ಹಿಡಿದ್ರೆ? ಎಲ್ಲ ಮಣ್ಣುಪಾಲಾಗ್ತದೆ. ನಾನಿಲ್ಲೇ ಇರ್ತೇನೆ, ನಾನೇ ಕೊಡ್ತೇನೆ. ಖಲಾಸ್."

ಕೈದಿಯ ಪಾತ್ರದವನು ಬಿಸಿಲಿಗೆ ತಲೆ ತಿರುಗಿ ಬಿದ್ದ. ನಿರ್ದೇಶಕ ಸಾಲಿನತ್ತ ನೋಡಿ ಮಲ್ಲಪ್ಪನನ್ನು ಕರೆದ. ಮಲ್ಲಪ್ಪ ಅಂಗಿ ಬಿಚ್ಚಲು ಹಿಂದೆ ಮುಂದೆ ನೋಡಿದ. ಪೊರ್ಬುಗಳೇ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು, "ಹೆದರ್ಬೇಡ, ಉಣ್ಣೆಯ ಚಾಟಿ, ಸೊಳ್ಳೆ ಕಚ್ಚಿದಷ್ಟೂ ಆಗುದಿಲ್ಲ. ಕಂಬದ ಕಡೆ ಮುಖ, ಬೆನ್ನು ಮಾತ್ರ ಕಾಣುದು. ನಿನ್ನ ಮಕ್ಕಳಿಗೆ ಸಿಪಾಯಿಯೇ ಕಾಣ್ತಾನೆ. ನಾನು ಹೇಳ್ತಿದ್ದೇನಲ್ಲ" ಎಂದರು. ಮಲ್ಲಪ್ಪ ಅವರ ಮಾತು ನಂಬಿ ಕೈ ಚಾಚಿ ಕಟ್ಟಿಸಿಕೊಂಡ.

ಅಷ್ಟರಲ್ಲಿ ಹಿಂದಿನ ಸಾಲಿನವನೊಬ್ಬ ಗುರಾಣಿಯನ್ನು ತಲೆಕೆಳಗಾಗಿ ಹಿಡಿದದ್ದು ಪೊರ್ಬುಗಳ ಕಣ್ಣಿಗೆ ಬಿತ್ತು. ಬೈಯುತ್ತ ಅತ್ತ ಓಡಿದರು. ನಿರ್ದೇಶಕ ಬೆಳಕು ಹೋಗುತ್ತಿದೆ, ಬೇಗ, ಯಲ್ಲಾ ಯಲ್ಲಾ ಎಂದು ಕೂಗಿದ. ಹೊಡೆಯುವ ಪಾತ್ರದವನು, ಅವತ್ತೇ ಬಂದ ಒಬ್ಬ ಹೊಸಬ, ಮೇಜಿನ ಮೇಲಿಂದ ಕೈಗೆ ಸಿಕ್ಕಿದ ಚಾಟಿ ಎತ್ತಿಕೊಂಡ.

ಆ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ ಕೇಳಿತು. ಮಲ್ಲಪ್ಪನ ಬೆನ್ನು ಹೆಗಲಿನಿಂದ ಸೊಂಟದವರೆಗೆ ತೆರೆದುಕೊಂಡಿತು. ಅವನು 'ಯವ್ವಾ' ಎಂದು ಕಿರುಚಿ ಇಡೀ ಮೈ ತಿರುಚಿದ. ಮುಖ ನೇರವಾಗಿ ಕ್ಯಾಮೆರಾಕ್ಕೆ ಬಂತು. ಬಾಯಿ ತೆರೆದೇ ಇತ್ತು, ಮೂಗಿನಿಂದ ನೀರು ಇಳಿಯುತ್ತಿತ್ತು. ಹೊಡೆಯುವವನು ಎಂಥ ಅಭಿನಯ ಎಂದುಕೊಂಡನೋ ಏನೋ, ಇನ್ನೊಮ್ಮೆ ಬೀಸಿದ. ಮೂಳೆಯ ಚೂರು ಮಾಂಸಕ್ಕೆ ಸಿಕ್ಕಿಕೊಂಡಿತು. ಅವನು ಎಳೆದ.

ಪೊರ್ಬುಗಳು ಮರಳಿನಲ್ಲಿ ಬಿದ್ದು ಎದ್ದು ಓಡಿಬಂದರು. ಅವನ ದವಡೆಗೆ ಮುಷ್ಟಿಯಿಂದ ಹೊಡೆದಾಗ ಹಲ್ಲು ಕಿತ್ತು ಹಾರಿತು. ಕೆಡವಿ ಎದೆಯ ಮೇಲೆ ಕೂತು ಮತ್ತೆ ಮತ್ತೆ ಹೊಡೆದರು. ನಾವು ಹಿಡಿದು ಎಳೆದಾಗ ಅವರ ಬೆರಳ ಗಂಟುಗಳೆಲ್ಲ ಒಡೆದಿದ್ದವು. ಆಮೇಲೆ ಅವರು ನೆಲಕ್ಕೆ ಬಿದ್ದ ಚಾಟಿಯನ್ನೂ ಮೇಜಿನ ಮೇಲಿದ್ದದ್ದನ್ನೂ ಕೈಗೆತ್ತಿಕೊಂಡರು. ಎರಡೂ ಚಾಟಿಗಳನ್ನು ಹಿಡಿದು ನೋಡುತ್ತ ನಿಂತರು. ಆ ಕಡೆ ನಿರ್ದೇಶಕ ಮಾನಿಟರಿನಿಂದ ಕಣ್ಣು ಕೀಳದೆ, ಇಂಥದ್ದು ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಮಲ್ಲಪ್ಪನನ್ನು ಬೋರಲು ಮಲಗಿಸಿದ್ದರು. ಹೊಲಿಗೆ ಹಾಕಿದ ಮೇಲೆ ನಾನೂ ಪೊರ್ಬುಗಳೂ ಒಳಗೆ ಹೋದೆವು. ಅವನು ನೋವಿನ ಮಾತೇ ಆಡಲಿಲ್ಲ.

"ಸಾಹೇಬ್ರ, ಇದು ಟಿವ್ಯಾಗ ಬರ್ತದೇನ್ರೀ?"

ಪೊರ್ಬುಗಳು ಸ್ಟೂಲ್ ಎಳೆದು ಅವನ ತಲೆಯ ಹತ್ತಿರ ಕೂತರು.

"ಬರಬಾರದ್ರೀ. ಮಕ್ಕಳು ಸಿಪಾಯಿ ಅಂತ ತಿಳಿದಾವ. ಕಂಬಕ್ಕ ಕಟ್ಟಿ ಬಡಿಸ್ಕೊಂಡು ಅತ್ತಿದ್ದ ನೋಡಿದ್ರ ನಾ ಹ್ಯಾಂಗ ಊರಿಗೆ ಹೋಗ್ಲಿ? ನೀವು ಮಾತು ಕೊಟ್ಟಿದ್ರಿ."

ಪೊರ್ಬುಗಳು ಮರುದಿನವೇ ದುಬೈಗೆ ಬಂದು ನನ್ನ ಎಡಿಟಿಂಗ್ ರೂಮಿನಲ್ಲಿ ನಿರ್ದೇಶಕನ ಎದುರು ನಿಂತರು. ಆ ತುಂಡು ತೆಗೆಯಿರಿ ಎಂದು ಕೇಳಿದರು. ಆಗುವುದಿಲ್ಲ ಎಂದ. ಬೇಡಿಕೊಂಡರು. ಇಡೀ ಚಿತ್ರದಲ್ಲಿ ಅದೇ ಜೀವಂತ ತುಂಡು ಎಂದ. ಕಂಪ್ಯೂಟರ್ ಒಡೆದು ಹಾಕುತ್ತೇನೆ ಎಂದು ಕುರ್ಚಿ ಎತ್ತಿದರು. ಲಂಡನ್ನಿನಲ್ಲಿ ಇನ್ನೊಂದು ಪ್ರತಿ ಇದೆ ಎಂದ. ಆಮೇಲೆ ತಣ್ಣಗೆ ಹೇಳಿದ: ಪೆಟ್ಟನ್ನು ಇದ್ದ ಹಾಗೆ ತೋರಿಸಬೇಕು ಎಂದು ಇಷ್ಟು ದಿನ ನನ್ನ ತಲೆ ತಿಂದವನು ನೀನೇ ಅಲ್ಲವೇ? ಈಗ ಸಿಕ್ಕಿದೆ. ಜನ ನಿನ್ನನ್ನು ಹೊಗಳುತ್ತಾರೆ.

ಪೊರ್ಬುಗಳು ಕುರ್ಚಿ ಕೆಳಗಿಟ್ಟರು. ಅವರ ಮುಖ ಬಿಳಿಚಿಕೊಂಡಿತ್ತು. ಯಾರಿಗೂ ಬಾರಿಸದೆ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು. ಅವರು ಹಾಗೆ ಹೋದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ನನಗೆ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನಿರ್ದೇಶಕ, ಕಂಪನಿಯ ಮ್ಯಾನೇಜರ್, ನಾನು, ಮೂವರೂ ಇದ್ದೆವು. ಆ ದೃಶ್ಯ ಬಳಸುವ ಹಾಗಿಲ್ಲ ಎಂದರು. ಯಾಕೆ ಎಂದು ಮ್ಯಾನೇಜರ್ ಕೇಳಿದರು. ಚಾಟಿ ತಪ್ಪು, ಎಂದರು ಪೊರ್ಬುಗಳು. ಆ ಕಾಲದ್ದಲ್ಲ. ಗಂಟು, ಗುಂಡು, ಹ್ಯಾಂಡಲ್ ಎಲ್ಲ ತಪ್ಪು. ನಾನೇ ಮಾಡಿದ್ದು, ನನ್ನದೇ ತಪ್ಪು. ಚಿತ್ರ ಹೊರಬಂದರೆ ತಿಳಿದವರು ನಗುತ್ತಾರೆ, ನಿಮ್ಮ ಜಾಹೀರಾತು ಸುಳ್ಳಾಗುತ್ತದೆ.

ಒಂದು ಚರ್ಮದ ಪಟ್ಟಿಗಾಗಿ ನಟನ ಕೈ ಕೊಯ್ದವರು, ಒಂದು ಉದ್ದ ತೋಳಿಗಾಗಿ ಊಟ ಬಿಟ್ಟವರು ಹೇಳುತ್ತಿರುವ ಮಾತೇ ಇದು ಎಂದು ನಂಬಲಾಗಲಿಲ್ಲ. ನಿರ್ದೇಶಕನೂ ನಂಬಲಿಲ್ಲ. ಅಲ್ಲೇ ಲಂಡನ್ನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಚಾಟಿ ತಪ್ಪು ಎನ್ನುತ್ತಿದ್ದಾನೆ, ನಿಮ್ಮ ಅಭಿಪ್ರಾಯವೇನು ಎಂದು ಪ್ರೊಫೆಸರನ್ನು ಕೇಳಿದ.

ಒಂದೊಂದು ಗಂಟಿಗೂ ಜಗಳವಾಡಿದ ಮುದುಕರು ಅವರು, ಅವರಿಗೆ ಗೊತ್ತಿಲ್ಲದ್ದೇನಿತ್ತು? ಪೊರ್ಬುಗಳು ಫೋನಿನತ್ತ ನೋಡದೆ ಕಿಟಕಿಯತ್ತ ನೋಡುತ್ತಿದ್ದರು. ಒಡೆದ ಬೆರಳ ಗಂಟುಗಳಿಂದ ಮತ್ತೆ ರಕ್ತ ಜಿನುಗುತ್ತಿತ್ತು.

"ಈ ಮನುಷ್ಯನ ಜೊತೆ ತಿಂಗಳುಗಟ್ಟಲೆ ಜಗಳವಾಡಿದ್ದೇನೆ," ಎಂದರು ಪ್ರೊಫೆಸರ್ ಕೊನೆಗೆ. "ಒಂದು ಮೊಳೆಯ ವಿಷಯದಲ್ಲೂ ಅವನು ತಪ್ಪಿದ್ದು ನನಗೆ ನೆನಪಿಲ್ಲ. ಅವನು ತಪ್ಪು ಅಂದರೆ, ತಪ್ಪು."

ಅಲ್ಲಿಗೆ ಮುಗಿಯಿತು. ಆ ತುಂಡನ್ನು ನಾನೇ ಕತ್ತರಿಸಿದೆ. ಕಂಬ, ಕೈ, ನೆರಳು ಇಷ್ಟೇ ಉಳಿಯಿತು. ಆಮೇಲೆ ಪೊರ್ಬುಗಳ ಹೆಸರನ್ನೂ ತೆಗೆಯಲು ಕಂಪನಿಯವರು ಹೇಳಿದರು. ತಾನೇ ತಪ್ಪು ಎಂದು ಒಪ್ಪಿಕೊಂಡವನ ಹೆಸರನ್ನು ಅಷ್ಟು ದೊಡ್ಡದಾಗಿ ಹಾಕುವುದು ಹೇಗೆ ಎಂದು ಮ್ಯಾನೇಜರ್ ಕೇಳಿದರು. ಅದನ್ನೂ ನಾನೇ ಅಳಿಸಿದೆ. ಹೊಸಬನ ಹಲ್ಲು ಮುರಿದದ್ದು, ಒಬ್ಬ ಕಾರ್ಮಿಕನ ಬೆನ್ನು ಹರಿದದ್ದು, ಒಂದಿಡೀ ದಿನದ ಕೆಲಸ ಹಾಳಾದದ್ದು ಎಲ್ಲವನ್ನೂ ಪೊರ್ಬುಗಳ ತಲೆಗೆ ಕಟ್ಟಿ ವೀಸಾ ಕ್ಯಾನ್ಸಲ್ ಮಾಡಿದರು. ಚಿತ್ರದಲ್ಲಿ ಮಲ್ಲಪ್ಪ ಬಳೆಯ ಅಂಗಿ ತೊಟ್ಟು, ಗಲ್ಲ ಮೇಲೆತ್ತಿ, ಮುಂದಿನ ಸಾಲಿನಲ್ಲಿ ನಡೆಯುತ್ತಾನೆ. ಹಲ್ಲು ಬಿಟ್ಟಿಲ್ಲ.

ಪೊರ್ಬುಗಳು ಊರಿಗೆ ಹೊರಡುವ ಹಿಂದಿನ ದಿನ ನಾನು ಖಲೀಫಾ ಸಿಟಿಯ ಗೋದಾಮಿಗೆ ಹೋದೆ. ಪೊರ್ಬುಗಳು ಒಂದೊಂದೇ ಶಿರಸ್ತ್ರಾಣಕ್ಕೆ ಎಣ್ಣೆ ಒರೆಸಿ ಕಪಾಟಿನಲ್ಲಿ ಇಡುತ್ತಿದ್ದರು. ಮುಂದೆ ಬರುವವನಿಗೆ ತುಕ್ಕು ಹಿಡಿದದ್ದು ಕೊಡಬಾರದು ಎಂದರು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇಗರ್ಜಿಯಲ್ಲಿ ಆಗಲೇ ಜನ ಪೊರ್ಬುಗಳಿಗೆ ಎಂತದೂ ಗೊತ್ತಿರಲಿಲ್ಲವಂತೆ ಎಂದು ನಗುತ್ತಿದ್ದರು.

"ಪೊರ್ಬುಗಳೇ, ಆ ಚಾಟಿ ಸರಿಯೇ ಇತ್ತಲ್ಲ?" ಎಂದೆ.

ಅವರು ಕೈಯಲ್ಲಿದ್ದ ಶಿರಸ್ತ್ರಾಣವನ್ನು ಒರೆಸುವುದು ನಿಲ್ಲಿಸಲಿಲ್ಲ.

"ಸರಿ ಇತ್ತು ಬ್ಯಾರಿ," ಎಂದರು. "ಸರಿ ಇದ್ದದ್ದಕ್ಕೇ ಅಲ್ವಾ ಅವನ ಬೆನ್ನು ಹರಿದದ್ದು."